ಲ್ಯಾಬಲ್ಲಿ ‘ನೀವೇ ಕಂಡುಹಿಡೀರಿ’ ಅಂದರೆ ಹುಮ್ಮಸ್ಸು ಬರುತ್ತಾ?

ಲ್ಯಾಬ್‌ಮೇಷ್ಟ್ರು: ಇವತ್ತು ಸರಳ ಲೋಲಕಕ್ಕೆ (ದಾರಕ್ಕೆ ಕಟ್ಟಿ ತೂಗಿಬಿಟ್ಟ ಗುಂಡು) ವಿಧಾನ ಬರೆಸಲೇ ಇಲ್ಲ. ‘10 ಡಿಗ್ರಿಯಿಂದ ಬಿಟ್ಟರೂ 20ರಿಂದ ಬಿಟ್ಟರೂ ಆವರ್ತಕಾಲ, ಅಂದರೆ ಒಂದು ಸಲ ಹೋಗಿ ಬರೋ ಸಮಯ, ಒಂದೇನಾ?’ ಅಂತಷ್ಟೇ ಕೇಳಿದೆ. ಬೆಲ್ ಹೊಡೆದರೂ ಒಂದು ಗುಂಪು ಏಳಲಿಲ್ಲ. ಬಿಟ್ಟುಕೊಟ್ಟರೆ ಆಸಕ್ತಿ ತಾನಾಗಿ ಬರುತ್ತೆ.

ಸೂತ್ರಧಾರ: ‘ತಾನಾಗಿ’ಯಂತೆ! ಕಲಿಕೆ ಬಗ್ಗೆ ಸಂಶೋಧನೆ ಮಾಡಿದ ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ ಅವರ 2006ರ ಲೇಖನ ಓದಿ. ದಾರಿ ತೋರಿಸದಿದ್ದರೆ ಹೊಸಬರ ತಲೆಗೆ ಹೊರೆ ಜಾಸ್ತಿ, ಕಲಿಕೆ ಕಮ್ಮಿ. ಅಂದಹಾಗೆ ಆವರ್ತಕಾಲಕ್ಕೂ ಕೋನಕ್ಕೂ ಸಂಬಂಧವೇ ಇಲ್ಲ, ಪುಸ್ತಕದಲ್ಲೇ ಇದೆ.

ನೇಸರ: ಅದಕ್ಕೆ 2007ರಲ್ಲೇ ಹ್ಮೆಲೊ-ಸಿಲ್ವರ್ ಮತ್ತಿಬ್ಬರು ಉತ್ತರ ಕೊಟ್ಟಿದ್ದಾರಲ್ಲ? ಅನ್ವೇಷಣೆ ಅಂದರೆ ಮಕ್ಕಳನ್ನ ನಡುನೀರಲ್ಲಿ ಕೈಬಿಡೋದಲ್ಲ, ಆಸರೆ ಇದ್ದೇ ಇರುತ್ತೆ ಅಂತ. ಅದನ್ನ ಯಾಕೆ ನುಂಗಿದಿರಿ?

ಲ್ಯಾಬ್‌ಮೇಷ್ಟ್ರು: ‘ಸಂಬಂಧವೇ ಇಲ್ಲ’ ಅನ್ನೋದು ಸಣ್ಣ ಕೋನಕ್ಕೆ ಮಾತ್ರ ಸ್ವಾಮಿ. 10ಕ್ಕೂ 20ಕ್ಕೂ ಸುಮಾರು 0.6% ವ್ಯತ್ಯಾಸ. ಒಂದು ಮೀಟರ್ ದಾರಕ್ಕೆ 50 ಆಂದೋಲನ (ಹೋಗಿ ಬರೋ ತೂಗಾಟ) ಎಣಿಸಿದರೆ ಅರ್ಧ ಸೆಕೆಂಡಿಗೂ ಮೇಲೆ.

ಸೂತ್ರಧಾರ: 50 ಆಂದೋಲನ! ಅಷ್ಟು ಹೊತ್ತಿಗೆ ನಿಮ್ಮ 20 ಡಿಗ್ರಿ ಇಪ್ಪತ್ತಾಗೇ ಉಳಿದಿರುತ್ತಾ?

ನೇಸರ: ನನ್ನ ಪ್ರಶ್ನೆ ಹಾಗೇ ಇದೆ.

ಲ್ಯಾಬ್‌ಮೇಷ್ಟ್ರು: ಆ ಗುಂಪು ಕಿತ್ತಾಡಿದ್ದೂ ಅದಕ್ಕೇ! ಒಂದೇ ಸಲ 50 ಎಣಿಸೋಣ ಅಂತ ಒಬ್ಬಳು, ಐದೈದರಂತೆ ಹತ್ತು ಸಲ ಅಂತ ಇನ್ನೊಬ್ಬ. ವಿಧಾನ ನೋಡಿ ಬರೆದಿದ್ದರೆ ಈ ಅನುಮಾನ ಹುಟ್ಟುತ್ತಿತ್ತಾ?

ಸೂತ್ರಧಾರ: ಅನುಮಾನಕ್ಕೆ ಪರೀಕ್ಷೇಲಿ ಅಂಕ ಯಾರು ಕೊಡ್ತಾರೆ, ನೀವಾ?

ಮೂಲೆಬೆಂಚು: ಅಂಕ ಅಂದಿರಲ್ಲ, ಮನೋವಿಜ್ಞಾನಿ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ಗೊತ್ತಾ? ಒಗಟು ಬಿಡಿಸೋಕೆ ದುಡ್ಡು ಕೊಟ್ಟರು. ದುಡ್ಡು ನಿಂತ ಮೇಲೆ ಬಿಡುವಿನ ಹೊತ್ತಲ್ಲಿ ಆ ವಿದ್ಯಾರ್ಥಿಗಳು ಒಗಟು ಮುಟ್ಟಿದ್ದು ಕಮ್ಮಿ. ಹಾಗಂತ ಮೇಷ್ಟ್ರ ಮಾತೂ ಪೂರ್ತಿ ನಿಜ ಅಲ್ಲ. ನಮಗೂ ‘ನೀವೇ ಯೋಚಿಸಿ’ ಅಂದಿದ್ದರು. ಜಾಣ ಒಬ್ಬ ಎಲ್ಲ ಮಾಡಿದ, ಮಿಕ್ಕ ಮೂವರು ಬೆರಳಿಗೆ ದಾರ ಸುತ್ಕೊಂಡು ಕೂತ್ವಿ.

ಸೂತ್ರಧಾರ: ನೋಡಿದಿರಾ, ಮೂವರು ಸುಮ್ಮನೆ ಕೂತರು!

ಮೂಲೆಬೆಂಚು: ರೀ, ವಿಧಾನ ಬರೆಸಿದ ದಿನ ನಾಲ್ವರೂ ಸುಮ್ಮನೆ ಕೂತಿದ್ವಿ. ಅರ್ಧ ಮಾತು ಕಿತ್ಕೊಂಡು ಓಡಬೇಡಿ.

ನೇಸರ: 2007ರ ಉತ್ತರ. ಮೂರನೇ ಸಲ ಕೇಳ್ತಿದ್ದೀನಿ.

ಸೂತ್ರಧಾರ: ಮೇಡಂ, ಮೊದಲು ಲೋಲಕ ಇತ್ಯರ್ಥ ಆಗಲಿ. ಐದೈದು ಎಣಿಸಿದರೆ ಪ್ರತಿ ಸಲವೂ ಸ್ಟಾಪ್‌ವಾಚ್ ಒತ್ತೋ ಕೈಯ ತಪ್ಪು ಸೇರುತ್ತೆ. ನಿಮ್ಮ 0.6 ಅದರಲ್ಲೇ ಮುಳುಗಿಹೋಗುತ್ತೆ.

ಲ್ಯಾಬ್‌ಮೇಷ್ಟ್ರು: ಅಲ್ಲಿಗೆ ವ್ಯತ್ಯಾಸ ಇದೆ ಅಂತ ಒಪ್ಪಿದಿರಿ.

ಸೂತ್ರಧಾರ: ಒಪ್ಪಿಲ್ಲ. ಅಳೆಯೋಕಾಗಲ್ಲ ಅಂದೆ.