ಸ್ಪೀಡ್ ಟೆಸ್ಟಿಗೆ ನೂರು, ಸಿನಿಮಾಗೆ ಸೊನ್ನೆ

"ರಾತ್ರಿ ಒಂಬತ್ತಾದ್ರೆ ಸಾಕು, ಸಿನಿಮಾ ನಿಂತು ಚಕ್ರ ಸುತ್ತುತ್ತೆ. ಇಂಟರ್ನೆಟ್ ಕಂಪನಿಯೋನೇ ಬೇಕಂತ ನಿಧಾನ ಮಾಡ್ತಿದಾನೆ!" ಅಂದ ಶೀನ.

"ಸ್ಪೀಡ್ ಟೆಸ್ಟ್ ಮಾಡಿದ್ಯಾ?" ರಾಯರು ಕೇಳಿದರು.

"ನೂರು ಎಂಬಿಪಿಎಸ್ ಬಂತು!"

"ಬರದೆ ಏನು? ಆ ಟೆಸ್ಟಿನ ಸರ್ವರ್ ಎಷ್ಟೋ ಸಲ ಕಂಪನಿಯ ಜಾಲದೊಳಗೇ ಇರುತ್ತೆ. ಅಪ್ಪನೇ ಮೇಷ್ಟ್ರಾಗಿ ಮಗನಿಗೆ ಮಾರ್ಕ್ಸ್ ಹಾಕಿದ ಹಾಗೆ. ಫಾಸ್ಟ್ ಡಾಟ್ ಕಾಮ್‌ನಲ್ಲಿ ನೋಡು, ಅದು ನೆಟ್‌ಫ್ಲಿಕ್ಸ್ ಸರ್ವರಿಂದಲೇ ಅಳೆಯೋದು."

"ಅಲ್ಲಿ ಮೂರೇ ಬಂದ್ರೆ ಕಳ್ಳ ಸಿಕ್ಕಿಬಿದ್ದ!"

"ತಡಿಯಪ್ಪಾ. ಅಮೆರಿಕದಲ್ಲಿ ಕಾಮ್‌ಕಾಸ್ಟ್ ಅನ್ನೋ ಇಂಟರ್ನೆಟ್ ಕಂಪನಿಯ ಗಿರಾಕಿಗಳಿಗೂ ಹೀಗೇ ಆಗಿತ್ತು. ನೆಟ್‌ಫ್ಲಿಕ್ಸ್ ವಿಡಿಯೊ ಕೋಜೆಂಟ್‌ನಂಥ ಮಧ್ಯವರ್ತಿ ಕಂಪನಿಗಳ ಜಾಲಗಳನ್ನ ಹಾದು ಬರ್ತಿತ್ತು. ಎರಡು ಜಾಲ ಕೂಡೋ ಪೋರ್ಟು ಸಂಜೆ ಹೊತ್ತಿಗೆ ಭರ್ತಿ, ಪ್ಯಾಕೆಟ್‌ಗಳು, ಅಂದ್ರೆ ವಿಡಿಯೊದ ಡೇಟಾ ತುಣುಕುಗಳು, ಉದುರಿಹೋಗೋವು. ಪೋರ್ಟ್ ಹೆಚ್ಚಿಸೋ ಖರ್ಚು ಯಾರದ್ದು ಅಂತ ಜಗಳ. ಕೊನೆಗೆ 2014ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸೇ ದುಡ್ಡು ಕೊಟ್ಟು ನೇರ ಸಂಪರ್ಕ ತಗೊಳ್ತು. ಸ್ಪೀಡೂ ಏರ್ತು."

"ಅಂದ್ರೆ ಯಾರೂ ತಡೀಲಿಲ್ಲ, ಪೋರ್ಟ್ ಹೆಚ್ಚಿಸಲಿಲ್ಲ ಅಷ್ಟೇ! ಎಂಥಾ ಸಭ್ಯರು!" ವಿಮಲಕ್ಕ ನಕ್ಕರು. "ನಮ್ಮಲ್ಲಿ ಕಾನೂನಿಲ್ವೇನ್ರೀ?"

"ಇದೆ. 2016ರ ಫೆಬ್ರವರಿ 8ಕ್ಕೆ ಟೆಲಿಕಾಂ ನಿಯಂತ್ರಕ ಟ್ರಾಯ್, ಒಂದೊಂದು ಆ್ಯಪಿಗೆ ಒಂದೊಂದು ಡೇಟಾ ದರ ಇಡಬಾರದು ಅಂತು. ಕೆಲವೇ ಸೈಟುಗಳನ್ನ ಪುಕ್ಕಟೆ ತೋರಿಸ್ತಿದ್ದ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಇಲ್ಲಿಂದ ಗಂಟುಮೂಟೆ ಕಟ್ತು. 2018ರಲ್ಲಿ ಬೇಕಂತ ನಿಧಾನ ಮಾಡೋದಕ್ಕೂ ತಡೆ ಬಂತು. ಆದ್ರೆ ಸಿಡಿಎನ್, ಅಂದ್ರೆ ವಿಡಿಯೊದ ಪ್ರತಿಗಳನ್ನ ನೋಡುಗರ ಹತ್ತಿರ ತಂದಿಡೋ ಸರ್ವರ್ ಜಾಲ, ಆ ನಿಯಮದ ಹೊರಗೆ."

"ನನ್ನ ಮನೇಲಿ ಆಗ್ತಿರೋದು ದಟ್ಟಣೆಯೋ, ಬೇಕಂತ ಮಾಡಿದ್ದೋ ಅಂತ ಹೇಗೆ ಗೊತ್ತಾಗೋದು?" ಅಂದ ಶೀನ.

"ರೂಟರ್ ಎಲ್ಲಿಟ್ಟಿದೀಯ?"

"ಸ್ಟೀಲ್ ಬೀರು ಹಿಂದೆ. ವೈರು ಕಾಣ್ಬಾರದಲ್ಲ."

"ಭೇಷ್! ಕಂಪನಿಗಿಂತ ನೀನೇ ಚೆನ್ನಾಗಿ ತಡೀತಿದೀಯ. ಮೊದಲು ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಿಕ್ಕಿಸು, ವೈಫೈ ತಪ್ಪೋ ಅಲ್ವೋ ಅಲ್ಲೇ ತಿಳಿಯುತ್ತೆ. ವೈಫೈನ 2.4 ಗಿಗಾಹರ್ಟ್ಸ್ ತರಂಗದಲ್ಲಿ ಅಪಾರ್ಟ್‌ಮೆಂಟಿನೋರೆಲ್ಲ ಒಂದರ ಮೇಲೊಂದು ಬೀಳದ ಮೂರೇ ಚಾನೆಲ್‌ಗೆ ಕಿತ್ತಾಡ್ತಾರೆ: 1, 6, 11. ಟಿವಿಯನ್ನ 5 ಗಿಗಾಹರ್ಟ್ಸಿಗೆ ಹಾಕು. ನೆಟ್‌ಫ್ಲಿಕ್ಸ್ ಪ್ರಕಾರ ಅತಿ ಸ್ಪಷ್ಟವಾದ 4ಕೆ ವಿಡಿಯೊಗೂ 15 ಎಂಬಿಪಿಎಸ್ ಸಾಕು."

"ಕೇಬಲ್ ಹಾಕಿದ್ರೂ ನಿಧಾನ ಇದ್ರೆ?"

"ಅದೇ ವಿಡಿಯೊ ವಿಪಿಎನ್ ಹಾಕಿ ನೋಡು; ಅದು ಡೇಟಾವನ್ನ ಮುಚ್ಚಿ ಬೇರೆ ದಾರೀಲಿ ತರೋ ಆ್ಯಪು. ಆಗ ಸರಾಗವಾಗಿ ಓಡಿದ್ರೆ ಮಾಮೂಲಿ ದಾರೀಲೇ ಏನೋ ಐಬು. ದಟ್ಟಣೆಯೂ ಇರಬಹುದು, ಕಿತಾಪತಿಯೂ ಇರಬಹುದು. ಬೆಳಗಿನ ಜಾವ ಐದಕ್ಕೆ ವಿಪಿಎನ್ ಇಲ್ಲದೆ ಮತ್ತೆ ನೋಡು. ಆಗಲೂ ತೆವಳಿದ್ರೆ ದಟ್ಟಣೆ ಅನ್ನೋ ನೆಪ ನಿಲ್ಲಲ್ಲ. ಎರಡೂ ಹೊತ್ತಿನ ಸ್ಕ್ರೀನ್‌ಶಾಟ್, ಡೇಟಾ ಹಾಯೋ ದಾರಿ ತೋರಿಸೋ ಟ್ರೇಸ್‌ರೂಟ್ ಸೇರಿಸಿ ದೂರು ಕೊಡು. ಬರೀ 'ನೆಟ್ ಸ್ಲೋ' ಅಂದ್ರೆ, 'ರೂಟರ್ ಆಫ್ ಮಾಡಿ ಆನ್ ಮಾಡಿ ಸರ್' ಅಂತ ಫೋನ್ ಇಡ್ತಾರೆ."

"ಐದಕ್ಕೆ ಏಳೋದ್ಯಾರು ರಾಯರೇ?"

"ಎದ್ದವನು ಸಿನಿಮಾನೂ ಆಗಲೇ ಮುಗಿಸಿಬಿಡು," ಅಂದರು ವಿಮಲಕ್ಕ.