ತಮ್ಮನ ವಿಡಿಯೊ ಕೆಳಗೆ ಜಾತಿ ನಿಂದನೆ: ಖಾತೆ ಅಳಿಸಲು ಬಿಡಬೇಕೇ?

ಪ್ರಶ್ನೆ – ಹಾಸನದ ಅಕ್ಕ
ಪಿಯುಸಿ ಓದುತ್ತಿರುವ ನನ್ನ ತಮ್ಮ ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿಯ ವಿಡಿಯೊವೊಂದನ್ನು ಹಾಕಿದ್ದ. ಅದರ ಕೆಳಗೆ ಅಪರಿಚಿತರು ನಮ್ಮ ಜಾತಿಯ ಹೆಸರೆತ್ತಿ ಬರೆದ ಮಾತುಗಳನ್ನು ಇಲ್ಲಿ ಬರೆಯಲಾರೆ. ಜಾಲತಾಣಕ್ಕೆ ದೂರು ನೀಡಿದರೆ ನಿಯಮ ಉಲ್ಲಂಘನೆಯಾಗಿಲ್ಲ ಎಂಬ ಉತ್ತರ ಬಂತು. ಅವನೀಗ ಖಾತೆಯನ್ನೇ ಅಳಿಸುತ್ತೇನೆ ಎನ್ನುತ್ತಿದ್ದಾನೆ.

ಉತ್ತರ – ವಕೀಲ, ಮೈಸೂರು
ದಯವಿಟ್ಟು ಈಗಲೇ ಅಳಿಸಬೇಡಿ. ಮೊದಲು ದಿನಾಂಕ, ಕೊಂಡಿ ಮತ್ತು ಬರೆದವರ ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವವರಿಗೆ ಶಿಕ್ಷೆ ವಿಧಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿದ ಮೇಲೆ ಯಾವ ಕಾನೂನೂ ಉಳಿದಿಲ್ಲವೆಂದು ಹಲವರು ಭಾವಿಸಿದ್ದಾರೆ. ಅದು ತಪ್ಪು. ನೀವು ಪರಿಶಿಷ್ಟ ಜಾತಿಗೆ ಸೇರಿದವರಾಗಿದ್ದು, ನಿಂದಿಸಿದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಲ್ಲದಿದ್ದರೆ, ಸಾರ್ವಜನಿಕರ ಕಣ್ಣಿಗೆ ಬೀಳುವ ಕಡೆ ಜಾತಿ ಹೆಸರಿನಲ್ಲಿ ಬಯ್ಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅಂತರ್ಜಾಲದ ನಿಂದನೆಗೂ ಅದು ಅನ್ವಯಿಸುತ್ತದೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಜಾಲತಾಣದ ಕುಂದುಕೊರತೆ ಅಧಿಕಾರಿಯ ನಿರ್ಧಾರ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು.

ಉತ್ತರ – ಉಪನ್ಯಾಸಕಿ, ತುಮಕೂರು
ವಕೀಲರ ಮಾತು ಸರಿ, ಆದರೆ ಆ ಸ್ಕ್ರೀನ್‌ಶಾಟ್‌ಗಳನ್ನು ಹುಡುಗನೇ ತೆಗೆಯುವುದು ಬೇಡ. ನನ್ನ ವಿದ್ಯಾರ್ಥಿಯೊಬ್ಬಳು ಸಾಕ್ಷ್ಯ ಸಂಗ್ರಹಿಸುವ ನೆಪದಲ್ಲಿ ಅವೇ ಬೈಗುಳಗಳನ್ನು ರಾತ್ರಿಯಿಡೀ ಓದುತ್ತಿದ್ದಳು. ಫೋನು ನೀವೇ ಇಸಿದುಕೊಂಡು ಆ ಕೆಲಸ ಮುಗಿಸಿ, ಬಳಿಕ ಕಾಮೆಂಟು ಮುಚ್ಚಿ. ಖಾತೆ ಉಳಿಯಬೇಕೋ ಬೇಡವೋ ಎಂಬುದನ್ನು ಅವನೇ ನಿರ್ಧರಿಸಲಿ.

ಹಾಸನದ ಅಕ್ಕ
ಇಂದು ಸಂಜೆ ನಾನೇ ಕುಳಿತು ತೆಗೆಯುತ್ತೇನೆ, ಮೇಡಂ. ವಕೀಲರೇ, ದೂರನ್ನು ನಮ್ಮೂರಿನ ಠಾಣೆಯಲ್ಲೇ ಕೊಡಬಹುದೇ?

ವಕೀಲ, ಮೈಸೂರು
ಕೊಡಬಹುದು. ದೂರಿನಲ್ಲಿ ನಿಂದನೆಯ ಪದಗಳನ್ನು ಇದ್ದಂತೆಯೇ ಬರೆಯಿರಿ, ಜಾತಿ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಿ.