ಅಜ್ಜಿಯ ಏಳು ಕಲ್ಲಿನ ಓಲೆಯಿಂದ ಎಟರ್ನಿಟಿ ಉಂಗುರ: ಪೂರ್ತಿ ಸುತ್ತೋ, ಅರ್ಧ ಸುತ್ತೋ?

ಮಲ್ಲಿಗೆ_ಮೈಸೂರು:
ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿಯ ಏಳು ಕಲ್ಲಿನ ವಜ್ರದ ಓಲೆ ನನ್ನ ಪಾಲಿಗೆ ಬಂದಿದೆ. ಎರಡು ಕಿವಿಯದೂ ಸೇರಿ ಹದಿನಾಲ್ಕು ಕಲ್ಲು. ಅಜ್ಜಿ ಅದನ್ನು ಕಿವಿಯಿಂದ ತೆಗೆದಿದ್ದು ನಾನು ನೋಡೇ ಇಲ್ಲ. ದಿನಾ ರಾತ್ರಿ ಮಲಗೋ ಮುಂಚೆ ತಿರುಪು ಬಿಗಿಯಾಗಿದೆಯಾ ಅಂತ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನನ್ನ ಕಿವಿಗೆ ಅದು ಭಾರ, ಹಾಕಿದ ಅರ್ಧ ಗಂಟೆಗೇ ನೋವು ಶುರುವಾಗುತ್ತೆ. ಹಾಗಾಗಿ ಐದು ವರ್ಷದಿಂದ ಲಾಕರ್‌ನಲ್ಲೇ ಇದೆ.

ಬರುವ ಫೆಬ್ರವರಿಗೆ ನಮ್ಮ ಮದುವೆಯಾಗಿ 25 ವರ್ಷ. ಆ ಕಲ್ಲುಗಳಿಂದ ಎಟರ್ನಿಟಿ ರಿಂಗ್ ಮಾಡಿಸಿಕೊಂಡರೆ ದಿನಾ ಕಣ್ಣೆದುರಿಗೆ ಇರುತ್ತೆ ಅನ್ನೋ ಆಸೆ. ಸುತ್ತಲೂ ಒಂದೇ ಅಳತೆಯ ಕಲ್ಲು ಸಾಲಾಗಿ ಬರುತ್ತಲ್ಲ, ಅದು. ಅಂಗಡಿಯಲ್ಲಿ ಮೇಲಿಂದ ಅಳೆದು ಒಂದೊಂದು ಕಲ್ಲು ಸುಮಾರು 2.5 ಮಿಲಿಮೀಟರ್ ಅಂದರು. ನನ್ನ ಬೆರಳಿನ ಅಳತೆ 14. ಪೂರ್ತಿ ಸುತ್ತು ಮಾಡಿಸಲೋ ಅರ್ಧ ಸಾಕೋ? ಹಳದಿ ಚಿನ್ನವೋ ವೈಟ್ ಗೋಲ್ಡೋ? ಕಲ್ಲು ಯಾವ ರೀತಿ ಕೂರಿಸಬೇಕು? ಒಂದು ವಿಷಯ, ನಾನು ದಿನಾ ಅಡುಗೆ ಮಾಡುವವಳು, ಅಕ್ಕಿ ರೊಟ್ಟಿ ಕೈಯಲ್ಲೇ ತಟ್ಟುತ್ತೇನೆ. ಅದೇ ಬೆರಳಲ್ಲಿ ವಂಕಿ ಉಂಗುರ ಕೂಡ ಇದೆ.

ಕಲ್ಲಿನ_ಕೆಲಸದವ:
ಮೇಡಂ, ನಾನು ಕಲ್ಲು ಕೂರಿಸುವ ಕೆಲಸದವನು, ಅಪ್ಪನ ಕಾಲದಿಂದ ಅಶೋಕ ರಸ್ತೆ ಅಂಗಡಿಗಳಿಗೆ ಮಾಡಿಕೊಡುತ್ತಾ ಬಂದಿದ್ದೇವೆ. ಡಿಸೈನ್ ಆಮೇಲೆ, ಮೊದಲು ಓಲೆ ಬಿಚ್ಚಿಸಿ ಕಲ್ಲು ನೋಡಿ. ಹಳೇ ಓಲೆ ಹೆಚ್ಚಾಗಿ ಕ್ಲೋಸ್ಡ್ ಸೆಟ್ಟಿಂಗ್, ಹಿಂದಿನಿಂದ ಚಿನ್ನ ಮುಚ್ಚಿರುತ್ತೆ, ಒಳಗೆ ಹೊಳಪಿಗೆ ಅಂತ ತೆಳು ತಗಡು ಇಟ್ಟಿರುವುದೂ ಉಂಟು. ಮುಂದಿನಿಂದ ನೋಡಿದರೆ ಕಲ್ಲಿನ ಸರಿಯಾದ ಬಣ್ಣ ಗೊತ್ತಾಗಲ್ಲ, ಅಂಚು ಚಕ್ಕೆ ಹೋಗಿದೆಯಾ ಅನ್ನೋದೂ ಗೊತ್ತಾಗಲ್ಲ. ಕೆಲವು ಮನೆಗಳಲ್ಲಿ ತಲೆಮಾರಿನಿಂದ ವಜ್ರ ಅಂದುಕೊಂಡಿದ್ದು ಬಿಳಿ ಪುಷ್ಯರಾಗ ಆಗಿದ್ದನ್ನೂ ನಾನೇ ಬಿಚ್ಚಿ ನೋಡಿದ್ದೇನೆ. ಬಿಚ್ಚುವಾಗ ನೀವು ಎದುರಿಗೇ ಕೂತಿರಿ. ಒಂದೊಂದು ಕಲ್ಲಿನ ಅಳತೆ, ತೂಕ ಚೀಟಿಯಲ್ಲಿ ಬರೆಸಿಕೊಳ್ಳಿ. ಈಗಿನ ರೌಂಡ್ ಕಟ್ ಆದರೆ 2.5 ಮಿಲಿಮೀಟರ್‌ಗೆ ಸುಮಾರು ಆರು ಸೆಂಟ್ ಬರುತ್ತೆ, ನೂರು ಸೆಂಟ್‌ಗೆ ಒಂದು ಕ್ಯಾರಟ್. ಹಳೇ ಕಟ್ ಆದರೆ ಆಳ ಬೇರೆ, ತೂಕವೂ ಬೇರೆ.

ಈಗ ಲೆಕ್ಕ. 14ರ ಅಳತೆ ಅಂದರೆ ಒಳಗಿನ ಅಡ್ಡಳತೆ 17.3 ಮಿಲಿಮೀಟರ್ ಹತ್ತಿರ. ಕಲ್ಲು ಕೂರುವುದು ಹೊರಗಡೆ, ಅಲ್ಲಿ ಸುತ್ತಳತೆ 64 ಆಸುಪಾಸು ಆಗುತ್ತೆ. ಕಲ್ಲಿಗೆ ಕಲ್ಲು ತಾಗದ ಹಾಗೆ ಕೂದಲೆಳೆ ಜಾಗ ಬಿಡಬೇಕು, ಇಲ್ಲದಿದ್ದರೆ ವಜ್ರವೇ ವಜ್ರದ ಅಂಚು ಕೀಳುತ್ತೆ. ಅಂದರೆ ಪೂರ್ತಿ ಸುತ್ತಿಗೆ 24 ಕಲ್ಲು ಬೇಕು. ನಿಮ್ಮ ಹತ್ತಿರ ಇರೋದು 14. ಉಳಿದ ಹತ್ತನ್ನು ಹೊಸದಾಗಿ ತಂದರೆ ಅವು ಬೆಳ್ಳಗೆ ಹೊಳೆಯುತ್ತವೆ, ಅಜ್ಜಿಯ ಕಲ್ಲು ಪಕ್ಕದಲ್ಲಿ ಮಂಕಾಗಿ ಕಾಣುತ್ತೆ. ಅದು ಬೇಡ. ಹದಿನಾಲ್ಕನ್ನೂ ಒಂದೇ ಸಾಲಲ್ಲಿ ಕೂರಿಸಿದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತೆ, ಬೆರಳ ಮೇಲೆ ನೋಡಿದವರಿಗೆ ಪೂರ್ತಿ ಸುತ್ತಿನ ಹಾಗೇ ಕಾಣುತ್ತೆ.

ಚಿನ್ನ 18 ಕ್ಯಾರಟ್‌ನದೇ ಮಾಡಿಸಿ. 22 ಮೆತ್ತಗಿರುತ್ತೆ, ಕಲ್ಲು ಹಿಡಿದಿರುವ ಕಾಲುಗಳು ಬೇಗ ಸಡಿಲ ಆಗುತ್ತವೆ. ಹಳೇ ಕಲ್ಲಿಗೆ ಸ್ವಲ್ಪ ಹಳದಿ ಛಾಯೆ ಇದ್ದರೆ ಹಳದಿ ಚಿನ್ನದಲ್ಲಿ ಅದು ಎದ್ದು ಕಾಣಲ್ಲ. ವೈಟ್ ಗೋಲ್ಡ್‌ಗೆ ರೋಡಿಯಂ ಅನ್ನೋ ಬಿಳಿ ಲೋಹದ ಪಾಲಿಶ್ ಮತ್ತೆ ಮತ್ತೆ ಮಾಡಿಸುತ್ತಿರಬೇಕು, ದಿನಾ ನೀರಲ್ಲಿ ಕೈ ಇಡುವವರಿಗೆ ಅದು ಇನ್ನೂ ಬೇಗ ಹೋಗುತ್ತೆ.

ಸಕ್ಕರೆನಾಡ_ಸೊಸೆ:
ಅಕ್ಕ, ದಯವಿಟ್ಟು ಪೂರ್ತಿ ಸುತ್ತು ಮಾಡಿಸಬೇಡಿ. ನಾನು ಮೂರು ವರ್ಷದ ಹಿಂದೆ ಮಾಡಿಸಿದೆ, ಮಂಡ್ಯದಲ್ಲಿ ಒಂದು ಅಂಗಡಿಯಲ್ಲಿ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಚಳಿಯಲ್ಲಿ ಹೋಗಿ ಅಳತೆ ಕೊಟ್ಟಿದ್ದೆ. ಏಪ್ರಿಲ್ ಬಿಸಿಲಿಗೆ ಬೆರಳು ಊದಿ ಉಂಗುರ ಗೆಣ್ಣು ದಾಟಲಿಲ್ಲ, ಸೋಪು ಹಚ್ಚಿ ಹಚ್ಚಿ ತೆಗೆಯಬೇಕಾಯಿತು. ದೊಡ್ಡದು ಮಾಡಿಕೊಡಿ ಅಂತ ಹೋದರೆ, ಸುತ್ತಲೂ ಕಲ್ಲಿದೆ, ಎಲ್ಲಿ ಕತ್ತರಿಸೋದು ಅಂದರು. ನಿಜ, ಆದರೆ ಆ ಮಾತನ್ನು ಆರ್ಡರ್ ತಗೊಳ್ಳುವಾಗಲೇ ಹೇಳಬೇಕಿತ್ತು ಅಲ್ವಾ? ಇನ್ನೂ ಬೇಸರ ಇದೆ ನನಗೆ. ಅಳತೆಯನ್ನು ಸಂಜೆ ಹೊತ್ತು, ಕೈ ಬೆಚ್ಚಗಿರುವಾಗ ಕೊಡಿ, ಎರಡು ಬೇರೆ ಬೇರೆ ದಿನ ಕೊಡಿ. ಅಗಲದ ಉಂಗುರ ಆದರೆ ಅರ್ಧ ಅಳತೆ ದೊಡ್ಡದೇ ಇರಲಿ.

ಇನ್ನೊಂದು, ಹಿಟ್ಟು. ಸಣ್ಣ ಕಾಲುಗಳ ನಡುವೆ ರೊಟ್ಟಿ ಹಿಟ್ಟು ಹೋಗಿ ಕೂತು ಒಣಗಿದರೆ ಕಲ್ಲಿನ ಹಿಂಭಾಗ ಸುಣ್ಣ ಬಳಿದ ಹಾಗಾಗುತ್ತೆ, ಬೆಳಕೇ ಹೋಗಲ್ಲ. ನಾನು ಭಾನುವಾರ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಹಾಕಿ, ಮಕ್ಕಳ ಬ್ರಷ್‌ನಿಂದ ಹಿಂದಿನಿಂದ ಉಜ್ಜುತ್ತೇನೆ. ಸಿಂಕ್ ಮೇಲೆ ಮಾತ್ರ ತೊಳೀಬೇಡಿ, ಬಟ್ಟಲಲ್ಲಿ ತೊಳೆಯಿರಿ.

ಹಳೇ_ಅಗ್ರಹಾರ:
ನನ್ನ ಅಭಿಪ್ರಾಯ ಬೇರೆ. ಏಳು ಕಲ್ಲಿನ ಓಲೆ ಒಂದು ಜೋಡಿ ಇಡಿಯಾಗಿ ಉಳಿದಿರುವ ಮನೆ ಈಗ ಎಷ್ಟಿದೆ? ಒಮ್ಮೆ ಬಿಚ್ಚಿದರೆ ಅದು ಮತ್ತೆ ಓಲೆ ಆಗಲ್ಲ. ಭಾರ ಅಂದರೆ ಕಿವಿಗೆ ಮಾಟಿ (ಓಲೆಯ ಭಾರ ಹೊರಲು ಕೂದಲಿಗೆ ಸಿಕ್ಕಿಸುವ ಸರ) ಹಾಕಿಕೊಂಡು ಹಬ್ಬಕ್ಕೆ ಎರಡು ಗಂಟೆ ಹಾಕಬಹುದು. ಉಂಗುರಕ್ಕೆ ಬೇರೆ ಕಲ್ಲು ಕೊಳ್ಳಿ. ಸಣ್ಣ ಕಲ್ಲಿನಲ್ಲಿ ಲ್ಯಾಬ್ ವಜ್ರ, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ್ದು, ಈಗ ಕಡಿಮೆ ಬೆಲೆಗೆ ಸಿಗುತ್ತೆ, ಅದೂ ವಜ್ರವೇ. ಮಾರಿದರೆ ಬೆಲೆ ಬರಲ್ಲ ಅಷ್ಟೇ, ನೀವು ಮಾರಲಿಕ್ಕೆ ಮಾಡಿಸುತ್ತಿಲ್ಲವಲ್ಲ.

ಮಲ್ಲಿಗೆ_ಮೈಸೂರು:
ಹಳೇ ಅಗ್ರಹಾರದವರೇ, ನಿಮ್ಮ ಮಾತಿಗೆ ಎರಡು ದಿನ ನಿದ್ದೆ ಬರಲಿಲ್ಲ. ಅಮ್ಮನನ್ನು ಕೇಳಿದೆ. ಅಜ್ಜಿ ಆ ಓಲೆಯನ್ನು ಒಂದು ದಿನವೂ ಪೆಟ್ಟಿಗೆಯಲ್ಲಿ ಇಟ್ಟವರಲ್ಲ, ನೀನು ಲಾಕರ್‌ನಲ್ಲಿ ಇಟ್ಟಿದ್ದೀಯ ಅಂದರು. ಅಲ್ಲಿಗೆ ಮನಸ್ಸು ಗಟ್ಟಿಯಾಯಿತು. ಲ್ಯಾಬ್ ವಜ್ರದ ಬಗ್ಗೆ ನನಗೇನೂ ಬೇಜಾರಿಲ್ಲ, ಆದರೆ ನನಗೆ ಬೇಕಿರೋದು ಉಂಗುರಕ್ಕಿಂತ ಆ ಕಲ್ಲುಗಳು. ಕಲ್ಲಿನ ಕೆಲಸದವರೇ, ವಂಕಿ ಬಗ್ಗೆ ನೀವು ಹೇಳಲಿಲ್ಲ.

ಕಲ್ಲಿನ_ಕೆಲಸದವ:
ಮರೆತೆ, ಕ್ಷಮಿಸಿ. ಪಕ್ಕದಲ್ಲಿ ವಜ್ರ ಇದ್ದರೆ ವಂಕಿಯ ಚಿನ್ನ ದಿನಾ ತಿಕ್ಕಿ ಸವೆಯುತ್ತೆ. ಎರಡನ್ನೂ ಬೇರೆ ಬೇರೆ ಬೆರಳಿಗೆ ಹಾಕಿ. ಅದೇ ಬೆರಳಿಗೆ ಬೇಕೇ ಬೇಕು ಅಂದರೆ ಚಾನೆಲ್ ಸೆಟ್ಟಿಂಗ್ ಮಾಡಿಸಿ. ಎರಡು ಕಡೆ ಚಿನ್ನದ ಗೋಡೆ, ನಡುವೆ ಕಾಲುವೆಯಲ್ಲಿ ಕಲ್ಲು. ಹಿಟ್ಟಿಗೂ ಅದೇ ವಾಸಿ, ಸೀರೆ ನೂಲೂ ಸಿಕ್ಕಿಕೊಳ್ಳಲ್ಲ. ಹೊಳಪು ಸ್ವಲ್ಪ ಕಡಿಮೆ, ಒಪ್ಪುತ್ತೇನೆ. ಆದರೆ ಕಲ್ಲುಗಳ ಅಳತೆ ಏರುಪೇರಾಗಿದ್ದರೆ ಚಾನೆಲ್ ಚೆನ್ನಾಗಿ ಬರಲ್ಲ. ಆಗ ಒಂದೊಂದು ಕಲ್ಲಿಗೂ ಸುತ್ತ ಚಿನ್ನದ ಅಂಚು ಕಟ್ಟುವ ಬೆಜಲ್ ವಾಸಿ. ಕಲ್ಲಿನ ಕೆಳಗೆ ಮಾತ್ರ ತೆರೆದಿರಲಿ ಅಂತ ಹೇಳಿ, ತೊಳೆಯಲು ದಾರಿ ಬೇಕು. ಮುಗಿದ ಮೇಲೆ ಒಳಗಡೆ 18ಕೆ750 ಮುದ್ರೆ (ಸಾವಿರಕ್ಕೆ 750 ಪಾಲು ಚಿನ್ನ ಅಂತ) ಮತ್ತು ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ, ಇದೆಯಾ ನೋಡಿ, 2023ರ ಏಪ್ರಿಲ್‌ನಿಂದ ಅದಿಲ್ಲದೆ ಮಾರುವ ಹಾಗಿಲ್ಲ. ಆ ಸಂಖ್ಯೆಯನ್ನು ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಬರುತ್ತೆ.

ಮಲ್ಲಿಗೆ_ಮೈಸೂರು:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎದುರಿಗೇ ಕೂತು ಬಿಚ್ಚಿಸಿದೆ. ಹದಿನಾಲ್ಕೂ ವಜ್ರವೇ. ಹಿಂದಿನ ತಗಡು ಕಪ್ಪಾಗಿತ್ತು, ಅದರ ಮೇಲೆ ಅಜ್ಜಿ ತಲೆಗೆ ಹಚ್ಚುತ್ತಿದ್ದ ಎಣ್ಣೆ ಅಂಟಾಗಿ ಗಟ್ಟಿಯಾಗಿ ಕೂತಿತ್ತು. ತೊಳೆದು ಬಿಳಿ ಕಾಗದದ ಮೇಲೆ ಸುರಿದಾಗ ಎಲ್ಲದರಲ್ಲೂ ತೆಳುವಾಗಿ ಹಳದಿ ಛಾಯೆ ಕಂಡಿತು. ಅಳತೆ 2.3ರಿಂದ 2.6ರವರೆಗೆ ಇದೆ. ಒಂದು ಕಲ್ಲಿನ ಅಂಚು ಚಕ್ಕೆ ಹೋಗಿದೆ, ಚಿನ್ನದ ಅಡಿಯಲ್ಲಿ ಇಷ್ಟು ವರ್ಷ ಮುಚ್ಚಿಹೋಗಿತ್ತು.

ಹಾಗಾಗಿ ಹದಿಮೂರು ಕಲ್ಲಿನ ಬೆಜಲ್, 18 ಕ್ಯಾರಟ್ ಹಳದಿ ಚಿನ್ನ. ದೊಡ್ಡದು ನಡುವೆ, ಎರಡೂ ಕಡೆಗೆ ಚಿಕ್ಕದಾಗುತ್ತಾ ಹೋಗುತ್ತೆ. ಅಂಗೈ ಕಡೆ ಬರೀ ಚಿನ್ನ, ಮುಂದೆ ಅಳತೆ ಬದಲಿಸಬೇಕಾದರೆ ಅಲ್ಲಿ ಕತ್ತರಿಸಬಹುದು. ಚಕ್ಕೆ ಹೋದ ಕಲ್ಲು ಮಗಳಿಗೆ ಮೂಗುಬೊಟ್ಟು ಆಗುತ್ತೆ, ಸುತ್ತ ಚಿನ್ನ ಕಟ್ಟಿದರೆ ಅಂಚು ಕಾಣಲ್ಲ ಅಂದರು. ವಂಕಿ ಬಲಗೈಗೆ ಹೋಯಿತು.

ಓಲೆಯ ಚಿನ್ನವನ್ನು ಉಂಗುರದ ಲೆಕ್ಕಕ್ಕೇ ಹಾಕಿಕೊಳ್ಳಿ ಅಂತ ಕೊಟ್ಟೆ. ತಿರುಪು ಎರಡನ್ನು ಮಾತ್ರ ಕೊಡಲಿಲ್ಲ. ಅಜ್ಜಿಯ ಬೆರಳು ತಾಗಿ ತಾಗಿ ಅದರ ಗೆರೆಗಳೆಲ್ಲ ನುಣುಪಾಗಿವೆ.